ಅರ್ಧ ಬೆರಳು ಕಮ್ಮಿ

ಚಾಮುಂಡಿಬೆಟ್ಟ, ಮೈಸೂರು
೧೨-೧೧-೧೯೯೯

ನನ್ನ ಹೆಗಲ ಮೇಲೆ ಕೂತು ಬೆಳೆದ ಅಕ್ಕನ ಮಗಳು ಮಧುಶ್ರೀಗೆ ನಿನ್ನ ಕರಿಬಸವಯ್ಯ ಮಾವನ ಆಶೀರ್ವಾದ.

ಈ ಸಲ ದಸರೆಯಲ್ಲಿ ಅಂಬಾರಿ ಆನೆ ಹೆಜ್ಜೆ ಎತ್ತಿದ್ದೇ ನನ್ನ ಶಿಳ್ಳೆಗೆ. ಬೆಟ್ಟದ ಮೇಲಿಂದ ಒಂದೇ ಒಂದು ಊದಿದೆ, ಕೆಳಗೆ ಅರಮನೆ ಮುಂದೆ ಆನೆ ಹೊರಟಿತು. ಪೇಪರಿನವರು ಹೊಟ್ಟೆಕಿಚ್ಚಿಗೆ ಬರೆಯಲಿಲ್ಲ. ಆ ಗದ್ದಲದಲ್ಲಿ ನಿನ್ನ ಲಗ್ನಪತ್ರಿಕೆಗೆ ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ.

ತೆಂಗಿನಕಾಯಿ ಅಂಗಡಿ ಹೇಗೋ ನಡೆಯುತ್ತಿದೆ. ಕೋತಿಗಳು ಮಾತ್ರ ಕೊಬ್ಬಿವೆ. ಮೊದಲು ಬಾಯಿಗೆ ಬೆರಳಿಟ್ಟು ಶಿಳ್ಳೆ ಹೊಡೆದರೆ ಗೋಪುರದ ತುದಿಗೆ ಓಡುತ್ತಿದ್ದವು. ಈಗ ನನ್ನ ಎದುರಿಗೇ ಕೂತು ಬಾಳೆಹಣ್ಣು ಸುಲಿಯುತ್ತವೆ. ಪಕ್ಕದಲ್ಲಿ ಹೂವು ಮಾರುವ ಬೋರಮ್ಮ, "ಏನ್ ಕರಿಬಸಣ್ಣ, ಕೋತಿಗೂ ನಿನ್ ಮ್ಯಾಗೆ ಭಯ ಓಯ್ತಾ?" ಅಂದಳು. ಕಾರ್ತಿಕ ಮಾಸ ಅಂತ ನಾನೇ ಅವಕ್ಕೆ ರಜಾ ಕೊಟ್ಟಿದ್ದೇನೆ ಅಂದೆ.

ನಿನಗೆ ನಿಜ ಹೇಳುತ್ತೇನೆ, ಅಮ್ಮನಿಗೆ ಹೇಳಬೇಡ. ಹೋದ ವರ್ಷ ನನ್ನ ಕೆನ್ನೆಯ ಒಳಗೆ ಬಿಳಿ ಮಚ್ಚೆ ಎದ್ದಿತ್ತು. ಎಲೆಯಡಿಕೆ ಹಾಕುವವರಿಗೆ ಸುಣ್ಣ ಹೆಚ್ಚಾದರೆ ಬಾಯಿ ಬೇಯುವುದು ಗೊತ್ತಿದ್ದದ್ದೇ. ಬೆಣ್ಣೆ ಸವರಿ ಸುಣ್ಣ ಬಿಟ್ಟೆ. ಸುಣ್ಣವಿಲ್ಲದ ಎಲೆ ಸಪ್ಪೆ ಅನ್ನಿಸಿ ಅಡಿಕೆ, ಹೊಗೆಸೊಪ್ಪು ಜಾಸ್ತಿ ಮಾಡಿಕೊಂಡೆ. ನೋಡು ನನ್ನ ಬುದ್ಧಿವಂತಿಕೆ. ಆಮೇಲೆ ಸಾರು ಬಾಯಿಗಿಟ್ಟರೆ ಬೆಂಕಿ. ನಿಮ್ಮತ್ತೆ ಪುಟ್ಟಲಿಂಗಮ್ಮ ಖಾರ ಸುರಿದು ಕೊಲ್ಲುತ್ತಾಳೆ ಅಂತ ದಿನಾ ಕೂಗಾಡಿದೆ. ಒಂದು ಮಧ್ಯಾಹ್ನ ಅವಳು ನನ್ನ ತಟ್ಟೆಯ ಸಾರಿಗೇ ಬೆರಳು ಅದ್ದಿ ನೆಕ್ಕಿ, ನನ್ನ ಮುಖ ನೋಡಿ ಹೇಳಿದಳು:

"ಇದಕ್ಕೆ ನಾನು ಮೆಣಸಿನಕಾಯೇ ಹಾಕಿಲ್ಲ ಕಣ್ರೀ. ಹಾಕೋದು ಬಿಟ್ಟು ತಿಂಗಳಾಯ್ತು."

ಮರುದಿನವೇ ಹಲ್ಲಿನ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಡಾಕ್ಟರಮ್ಮ ನಿನ್ನ ವಯಸ್ಸಿನ ಹುಡುಗಿ. ಬಾಯಿ ಪೂರ್ತಿ ತೆಗೀರಿ ಯಜಮಾನ್ರೇ ಅಂದಳು.

"ತೆಗೆದೇ ಇದೀನಲ್ಲವ್ವ" ಅಂದೆ.

ಅವಳು ಬೆರಳು ಜೋಡಿಸಿ ಹಲ್ಲಿನ ನಡುವೆ ಇಟ್ಟು ಅಳೆದಳು. ಕೆನ್ನೆಯೊಳಗಿಂದ ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದಳು. ಇನ್ನೂ ಕ್ಯಾನ್ಸರ್ ಅಲ್ಲ, ಆದರೆ ಅದು ಬರುವ ಮುಂಚಿನ ಗುರುತು, ಯಾವತ್ತು ತಿರುಗುತ್ತದೋ ಹೇಳಲಾಗದು ಅಂದಳು. ಎಲೆಯಡಿಕೆ ಅವತ್ತೇ ಬಿಟ್ಟೆ. ಬಿಟ್ಟಮೇಲಾದರೂ ಬಾಯಿ ಬಿಚ್ಚಿಕೊಳ್ಳುತ್ತದಾ ಅಂತ ಕೇಳಿದೆ. ಒಳಗಿನ ಮಾಂಸ ನಾರಿನ ಹಾಗೆ ಬಿಗಿದುಬಿಟ್ಟಿದೆ, ಮೊದಲಿನ ಹಾಗೆ ಆಗುವುದಿಲ್ಲ ಅಂದಳು. ಗಾಬರಿಯಾಗಬೇಡ. ಮೂರು ಬೆರಳು ಹಿಡಿಸುತ್ತಿದ್ದ ಬಾಯಿ ಅರ್ಧ ಬೆರಳು ಕಮ್ಮಿಯಾಗಿದೆ, ಅಷ್ಟೆ.

ಮದುವೆಗೆ ನಿಮ್ಮತ್ತೆ ಬರುತ್ತಾಳೆ. ನನಗೆ ಕಾರ್ತಿಕದ ವ್ಯಾಪಾರ, ಅಂಗಡಿ ಬಿಡುವ ಹಾಗಿಲ್ಲ. ಭೂಮದ ಊಟಕ್ಕೆ ಕೂತಾಗ ಮದುವೆ ಹೆಣ್ಣು ಮೊದಲ ತುತ್ತು ಸೋದರಮಾವನ ಬಾಯಿಗಿಡುವುದು ನಮ್ಮ ಮನೆ ಪದ್ಧತಿ. ನನ್ನ ಜಾಗದಲ್ಲಿ ನನ್ನ ತಮ್ಮ ಸಿದ್ದಲಿಂಗಸ್ವಾಮಿ ಕೂರುತ್ತಾನೆ. ಅವನ ಬಾಯಿ ದೊಡ್ಡದು, ನಿನಗೇ ಗೊತ್ತು.

ಬೆಟ್ಟದ ತಾಯಿ ನಿನ್ನ ಮಡಿಲು ತುಂಬಿಸಲಿ. ಗಂಡನ ಮನೆಯಲ್ಲಿ ಬಾಯ್ತುಂಬ ನಗುತ್ತಾ ಬಾಳು ತಾಯಿ.

ನಿನ್ನ ಮಾವ
ಕರಿಬಸವಯ್ಯ

ಮರೆತಿದ್ದೆ: ವ್ಯಾಪಾರದ ಮಾತು ಸುಳ್ಳು. ಮೊನ್ನೆ ನಿಮ್ಮತ್ತೆ ಹೋಳಿಗೆ ಮಾಡಿ, ನೀನು ಕೂರುವ ಹಾಗೆ ನನ್ನ ಎದುರಿಗೆ ಕೂತು, ತುತ್ತು ಮುರಿದು ಅಭ್ಯಾಸ ಮಾಡಿಸಿದಳು. ತುಟಿಗೆ ಮೆತ್ತಿ ಮಡಿಲಿಗೆ ಬಿತ್ತು. ಇನ್ನೂ ಚಿಕ್ಕದು ಮಾಡಿದಳು, ಅದೂ ಬಿತ್ತು. ಕಡೆಗೆ ಇರುವೆಗೆ ಹಾಕುವಷ್ಟಾಯಿತು. ಅಷ್ಟು ಜನರ ಮುಂದೆ ನಿನ್ನ ಕೈಯ ತುತ್ತು ನೆಲಕ್ಕೆ ಬೀಳುವುದು ಬೇಡ ಅಂತ ನಾನೇ ಬರುತ್ತಿಲ್ಲ ಮಗಳೇ. ಅರ್ಧ ಬೆರಳು ಅಂದೆನಲ್ಲ, ಅದೂ ಸುಳ್ಳು. ಮೂರರಲ್ಲಿ ಹೋಗಿರುವುದು ಎರಡು ಬೆರಳು.