ಮೂರು ಮನೆಗೆ ಒಂದೇ ಸಾರು

ದೊಡ್ಡಬಳ್ಳಾಪುರ
೧೪-೬-೨೦೨೫

ಚಿ. ಸೌ. ಪವಿತ್ರಳಿಗೆ ದೊಡ್ಡಪ್ಪ ಚಲಪತಿಯ ಆಶೀರ್ವಾದ.

ಇಲ್ಲಿ ಎಲ್ಲ ಕ್ಷೇಮ ಎಂದು ಬರೆಯಲು ಪೆನ್ನು ಏಳುತ್ತಿಲ್ಲ ಮಗಳೇ. ನಿನ್ನ ದೊಡ್ಡಮ್ಮ ತೂಬಗೆರೆಯ ನಿಮ್ಮ ಮನೆಗೆ ಬಂದು ಇಂದಿಗೆ ಒಂಬತ್ತು ದಿನ. ಫೋನ್ ಮಾಡಿದರೆ ಎತ್ತುವುದಿಲ್ಲ. ಯಾಕೆ ಹೋದಳು, ಯಾವಾಗ ಬರುತ್ತಾಳೆ, ಬರುತ್ತಾಳೋ ಇಲ್ಲವೋ, ಒಂದೂ ನನಗೆ ತಿಳಿಯುತ್ತಿಲ್ಲ. ಅದಕ್ಕೇ ನಿಮ್ಮ ಕಡೆ ಹೊರಟಿದ್ದ ಮುನಿರಾಜನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ನಾನು ಮಾಡಿದ್ದೆಲ್ಲ ಮನೆಯ ಒಳ್ಳೆಯದಕ್ಕೇ. ಏಳನೇ ಕ್ಲಾಸು ಓದಿದ ಈ ತಲೆಗೆ ಹೊಳೆದದ್ದು ಡಿಗ್ರಿ ಮಾಡಿದವರಿಗೂ ಹೊಳೆದಿಲ್ಲ. ನಮ್ಮ ಮನೆ, ಪಕ್ಕದ ಪಾಪಕ್ಕನ ಮನೆ, ಎದುರಿನ ಆದಿನಾರಾಯಣಪ್ಪನ ಮನೆ, ಮೂರು ಕಡೆಯೂ ದಿನಾ ಕುಕ್ಕರ್ ಕೂಗುವುದು ಯಾಕೆ? ದಿನಕ್ಕೊಂದು ಮನೆಯವರು ಮೂರು ಮನೆಗೂ ಸಾರು ಮಾಡಲಿ, ಉಳಿದವರು ಬರೀ ಮುದ್ದೆ ಕಟ್ಟಿಕೊಳ್ಳಲಿ ಎಂದೆ. ಗ್ಯಾಸು ಉಳಿಯಿತು, ಹೆಂಗಸರಿಗೆ ಬಿಡುವೂ ಸಿಕ್ಕಿತು. ಆದಿನಾರಾಯಣಪ್ಪ ಬೀದಿಯಲ್ಲಿ ನಿಂತು, "ಚಲಪತಿ, ನೀನು ಮಂತ್ರಿ ಆಗ್ಬೇಕಿತ್ತು ಕಣಯ್ಯಾ" ಎಂದ. ನನಗೂ ಹಾಗೇ ಅನ್ನಿಸಿತ್ತು.

ಎರಡನೇ ವಾರ ಪಾಪಕ್ಕನ ಸರದಿಯ ದಿನ ಹುರುಳಿಕಾಳಿನ ಬಸ್ಸಾರು ಬಂತು. ಒಂದು ಮುದ್ದೆ ಹೆಚ್ಚಿಗೇ ಇಳಿಸಿ, ಕಾಂಪೌಂಡ್ ಹತ್ತಿರ ನಿಂತು ಕೂಗಿದೆ: "ಪಾಪಕ್ಕಾ, ಸಾರು ಅಂದ್ರೆ ಇದು! ಇಷ್ಟ್ ದಿನ ಏನ್ ತಿಂತಿದ್ನೋ!" ಅನ್ನ ಕೊಟ್ಟವರನ್ನು ಹೊಗಳುವುದು ತಪ್ಪೇ? ನಿನ್ನ ದೊಡ್ಡಮ್ಮ ತಟ್ಟೆ ಎತ್ತುತ್ತಾ, "ಇನ್ಮೇಲೆ ಅಲ್ಲೇ ಉಣ್ಣೋಗಿ. ಗ್ಯಾಸು ಪೂರಾ ಉಳೀತದೆ" ಅಂದಳು. ಅದೂ ಒಳ್ಳೆಯ ಉಪಾಯವೇ ಎಂದು ನಾನು ಯೋಚಿಸುತ್ತಿರುವಾಗಲೇ ಚೀಲ ಹಿಡಿದು ಬಸ್ ಸ್ಟ್ಯಾಂಡಿಗೆ ನಡೆದಿದ್ದಳು.

ಮೂರು ಮನೆಗೆ ಸಾರು ಮಾಡಿ ಕೈ ಸೋತಿರಬೇಕು ಎಂದುಕೊಂಡೆ. ಆದರೆ ಎರಡು ದಿನ ಬಿಡುವಿತ್ತಲ್ಲ? ಅವಳು ಧಾರಾವಾಹಿ ನೋಡುವಾಗ ಫ್ಯಾನು ಆರಿಸುತ್ತೇನೆ, ಅದಕ್ಕಿರಬಹುದೇ? ಕೊನೆಗೆ ಪಾಪಕ್ಕನನ್ನೇ ಕೇಳಿದರೆ ಹಣೆ ಚಚ್ಚಿಕೊಂಡಳು. "ಅಯ್ಯೋ ಅಣ್ಣಾ, ಅಕ್ಕನ ಸಾರಿಗೆ ಒಂದ್ ದಿನಾನಾದ್ರೂ ಹಿಂಗ್ ಕೂಗಿದ್ರಾ?"

ಮೂವತ್ತನಾಲ್ಕು ವರ್ಷ ಹಿಂದಕ್ಕೆ ಹೋಗಿ ಹುಡುಕಿದೆ. ಒಂದು ದಿನವೂ ಸಿಗಲಿಲ್ಲ. ಖಾಲಿ ತಟ್ಟೆ ಕಣ್ಣೆದುರಿಗೇ ಇತ್ತಲ್ಲ, ಬಾಯಲ್ಲೂ ಹೇಳಬೇಕಿತ್ತೇ? ನೀನೇ ಹೇಳು. ನನ್ನ ಮಗ್ಗ, ನನ್ನ ಸೀರೆ, ನನ್ನ ಬುದ್ಧಿ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವನು ಇದೊಂದನ್ನು ಹೇಗೆ ಬಿಟ್ಟೆನೋ ನನಗೇ ಅರ್ಥವಾಗುತ್ತಿಲ್ಲ.

ಈಗ ನಮ್ಮ ಮನೆಯ ಸರದಿಗೆ ಸಾರು ನಾನೇ ಮಾಡುತ್ತಿದ್ದೇನೆ. ಬಹಳ ಚೆನ್ನಾಗಿ ಬರುತ್ತದೆ. ಅದೇಕೋ ಆ ದಿನ ಮಾತ್ರ ಉಳಿದ ಎರಡು ಮನೆಯಲ್ಲೂ ಕುಕ್ಕರ್ ಕೂಗುತ್ತಿರುತ್ತದೆ.

ಇಂತಿ ನಿನ್ನ ದಿಕ್ಕು ತೋಚದ ದೊಡ್ಡಪ್ಪ,
ಚಲಪತಿ

ಮರೆತ ಮಾತು: ಮಗ್ಗ ನಿಂತಿದ್ದ ಎರಡು ವರ್ಷ ನಾನು ಸೋಂಪುರದ ಫ್ಯಾಕ್ಟರಿಯೊಂದರಲ್ಲಿ ವಾಚ್‌ಮನ್ ಆಗಿದ್ದೆನಲ್ಲ, ಅಲ್ಲಿ ಕ್ಯಾಂಟೀನ್ ಊಟ ಪುಕ್ಕಟೆ. ನಿನ್ನ ದೊಡ್ಡಮ್ಮನಿಗೆ ಅದನ್ನು ಇವತ್ತಿನವರೆಗೂ ಹೇಳಿಲ್ಲ. ಹೇಳಿದ್ದರೆ ಡಬ್ಬಿ ಕಟ್ಟುವುದನ್ನು ನಿಲ್ಲಿಸಿಬಿಡುತ್ತಿದ್ದಳು. ಇಷ್ಟನ್ನು ಮಾತ್ರ ಅವಳಿಗೆ ಓದಿ ಹೇಳು.