ಹಿಂದೆ ಸರಿಯುವ ಹೆಜ್ಜೆ

ಶಿರಸಿ
೧೫ ಫೆಬ್ರವರಿ ೧೯೬೧

ಜೀವದ ಗೆಳೆಯ ಶಂಕ್ರಪ್ಪನಿಗೆ, ನಿನ್ನ ಶಿವಪುತ್ರಪ್ಪ ಮಾಡುವ ಶರಣು.

ಬನವಾಸಿಯಲ್ಲಿ ನೀನೂ ಗಿರಿಜವ್ವನೂ ಸುಖವಾಗಿದ್ದರೆ ಅದೇ ನನಗೆ ಹಬ್ಬ. ನಿನ್ನ ಕಾಗದ ದಸರೆಗೇ ಕೈಸೇರಿತ್ತು. ಉತ್ತರಕ್ಕೆ ಕೂತಾಗ ಶಿವರಾತ್ರಿಯೂ ಮುಗಿದಿದೆ. ಸಿಟ್ಟಾಗಬೇಡ. ರಾತ್ರಿಯಿಡೀ ನಾಟಕದ ಮಾತು ಮರೆಯದಿದ್ದ ನಾನು ನಿನ್ನ ಒಂದು ಸಾಲಿಗಾಗಿ ಮೂರು ಕಾಗದ ಬರೆದು ಹರಿದೆ. 'ನಮ್ಮ ಅಂದಾನಿ ನಾಕಾದಾಗ ಕೈ ಒಡ್ಡತಾನ ಅಂತ ಸಂತ್ಯಾಗ ಮಂದಿ ಆಡ್ಕೋತಾರ. ಖರೇ ಏನೋ ಶಿವಾ? ನಿನ್ನ ಕೈಯಾಗ ಕೊಟ್ಟಿದ್ದೆ ಮಗನ್ನ' ಎಂದು ಬರೆದಿದ್ದೆ.

ಮೊದಲಿನಿಂದ ಹೇಳುತ್ತೇನೆ, ತಡೆಯಬೇಡ. ಪರದೆ ಏಳದೆ ನನಗೆ ಮಾತು ಬರುವುದಿಲ್ಲ.

ನಮ್ಮ ನಾಟಕ ಕಂಪನಿ ಮುಚ್ಚಿದ ಮೇಲೆ ನಾನಿಲ್ಲಿ ಚಹಾದಂಗಡಿಯ ಬೆಂಚು ಸವೆಸುತ್ತಿದ್ದಾಗ ಇಲ್ಲಿನ ಪೊಲೀಸ್ ಠಾಣೆಯ ಫೌಜದಾರ್ ಅನಂತಮೂರ್ತಿ ಹುಡುಕಿಕೊಂಡು ಬಂದರು. ಸಿದ್ದಾಪುರದ ಕಡೆಯವರು, ಆಳು ಸಣ್ಣ, ಹಟ ದೊಡ್ಡದು. "ಮುಂಬೈ ಸರಕಾರ ಹೋತು, ಮೈಸೂರು ಬಂತು. ಪೇದೆಗಳ ಟೊಪ್ಪಿಗೆ ಬದಲಾತು, ಕೈ ಬದಲಾಯ್ದಿಲ್ಲೆ. ಆನು ಭಾಷಣ ಮಾಡಿ ಸೋತೆ ಮಾರಾಯಾ. ನೀನು ಲಂಚ ಕೊಡವ್ನ ಪಾರ್ಟು ಮಾಡು. ಬೇಡ ಹೇಳದು ಅವ್ಕೆ ಬಾಯಿಗೆ ರೂಢಿ ಆಗ್ಲಿ" ಎಂದರು.

ಆಹಾ! ಠಾಣೆಯ ಹಿತ್ತಲೇ ರಂಗಸ್ಥಳ. ಜರಿ ಶಾಲು ಹೊದ್ದು ಮರದ ನಾಟಾ ಮಾರುವ ಸಾಹುಕಾರನಾಗಿ ನಾನು ಪ್ರವೇಶ ಮಾಡಿದರೆ ಬೇಲಿಯ ಮೇಲಿನ ಕಾಗೆಗಳೂ ಹಾರಿಹೋಗಬೇಕು! ಸುಳ್ಳು ಹಣದ ಗಂಟು ಚಾಚುತ್ತ ಒಬ್ಬನಿಗೆ ತಂಗಿಯ ಮದುವೆ ನೆನಪಿಸಿದೆ. ಇನ್ನೊಬ್ಬನಿಗೆ ಮೇಲಿನ ಸಾಹೇಬರ ಹೆಸರು ಹೇಳಿ ಗದರಿದೆ. ಹುಲಗೋಳದ ಗಣಪ ಎಂಬ ಪೇದೆ ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡು ಜೇಬು ಮುಂದೊಡ್ಡಿದ. "ಕೈಯಾಗೆ ಹಿಡಿಬಾರ್ದು ಅಂದ್ರಿ ಮಾಸ್ತರ್ರೆ, ಜೇಬಿನ ಸುದ್ದಿ ಎತ್ತಿಲ್ಲ!" ಫೌಜದಾರರೂ ನಕ್ಕುಬಿಟ್ಟರು.

ಪೇದೆಗಳ ಸಾಲಿನಲ್ಲಿದ್ದ ನಿನ್ನ ಮಗ ಅಂದಾನಿ ಮಾತ್ರ ನಗಲಿಲ್ಲ. ನಾಟಕದ ಪೆಟ್ಟಿಗೆಗಳ ಮೇಲೆ ಮಲಗಿ ಬೆಳೆದ ಕೂಸಲ್ಲವೇ! ನಟ್ಟನಡುವೆ ನಿಂತು ಬಲಗೈ ಎತ್ತಿ, "ಈ ಅಂಗಿ ಜನರದ್ದು, ಒಳಗಿನ ಎದೆ ನನ್ನದು. ಎರಡೂ ಮಾರಾಟಕ್ಕಿಲ್ಲ!" ಎಂದು ಗುಡುಗಿದ. ನಾನು ಶಾಲಿನ ಸೆರಗಿನಿಂದ ಬಾಯಿ ಮುಚ್ಚಿ, ತಲೆ ತಗ್ಗಿಸಿ ಹಿಂದಿಂದಕ್ಕೆ ಸರಿದೆ. ಆ ಹೆಜ್ಜೆ ನಿನಗೆ ಗೊತ್ತು. ನೀನು ಹಾರ್ಮೋನಿಯಮ್ಮಿನ ಸ್ವರ ಇಳಿಸುತ್ತಿದ್ದಂತೆ ಖಳನಾದ ನಾನು ಕತ್ತಲೆಗೆ ಸರಿಯುತ್ತಿದ್ದೆ, ಜನ ಸಿಳ್ಳೆ ಹೊಡೆಯುತ್ತಿದ್ದರು. ಆಯುಷ್ಯವೆಲ್ಲ ಹಾಗೆ ಸರಿದವನು ಹುಡುಗರಿಗೆ ಬೇರೆ ಯಾವ ಅಂಕ ಕಲಿಸಲಿ?

ಅವನನ್ನು ಯಲ್ಲಾಪುರದ ಹಾದಿಯಲ್ಲಿ ಲಾರಿ ತಪಾಸಣೆ ಮಾಡುವ ನಾಕಾಕ್ಕೆ ಹಾಕಿದರು. ಕಳ್ಳನಾಟಾ ಲಾರಿ ಬಂದಾಗ ಡ್ರೈವರ್ ಚಾಚಿದ ಗಂಟನ್ನು ಅವನು ಮುಟ್ಟಲಿಲ್ಲ. ರಸ್ತೆಯ ನಟ್ಟನಡುವೆ ನಿಂತು ಕೈ ಎತ್ತಿ ಮಾತು ಶುರುಮಾಡಿದನಂತೆ. ಮುಂದಿನದು ನಿನಗೆ ಗೊತ್ತು, ಲಾರಿ ಮೈಮೇಲೇ ಬಂತು. ಆಸ್ಪತ್ರೆಗೆ ನೀನೇ ಬಂದಿದ್ದೆ, ಜಜ್ಜಿದ ಕಾಲು ನೋಡಿದ್ದೆ. ಆದರೆ ನೀನು ಔಷಧ ತರಲು ಹೋದಾಗ ಅವನು ನನ್ನ ಕೈ ಹಿಡಿದು ಕೇಳಿದ ಮಾತು ನಿನಗೆ ಗೊತ್ತಿಲ್ಲ. "ಮಾಸ್ತರ, ಮಾತು ಒಂದಕ್ಷರ ಬಿಡಲಾರದಂಗ ಹೇಳಿದ್ನಿ. ಅಂವ ಯಾಕ ಹಿಂದ ಸರೀಲಿಲ್ಲ?"

ನಾನು ಅವನ ಹೊದಿಕೆ ಸರಿಪಡಿಸಿದೆ, ಶಂಕ್ರಪ್ಪ.

ಲಾರಿಯ ಮೇಲೆ ಖಟ್ಲೆ ನಿಲ್ಲಲಿಲ್ಲ, ಸಾಕ್ಷಿ ಹೇಳುವವರು ಸಿಗಲಿಲ್ಲ. ಹಟ ಬಿಡದ ಫೌಜದಾರರನ್ನು ಬೀದರದ ಕಡೆ ವರ್ಗ ಮಾಡಿದರು. ಬಸ್ಸು ಹತ್ತುವಾಗ, "ಕಲ್ಸದು ಬಿಡಡ" ಎಂದರು, ಬಿಡಬೇಡವೆಂದು ಕೈಯನ್ನೂ ಆಡಿಸಿದರು. ಸೊಟ್ಟಗಾಲಿನ ಅಂದಾನಿಯನ್ನು ಮತ್ತೆ ಅದೇ ನಾಕಾದಲ್ಲಿ ಒಂದು ಸ್ಟೂಲಿನ ಮೇಲೆ ಕೂರಿಸಿದರು. ಈಗ ಹೊಸ ಪೇದೆಗಳು ಬಂದಿದ್ದಾರೆ, ಮತ್ತೆ ಪಾರ್ಟು ಮಾಡಲು ಠಾಣೆಯಿಂದ ಕರೆ ಬಂದಿದೆ. ಜರಿ ಶಾಲು ಗೂಟದಲ್ಲೇ ಇದೆ.

ಗಿರಿಜವ್ವನಿಗೆ ಈ ಕಾಗದ ಪೂರಾ ಓದಿ ಹೇಳಬೇಡ. ಆ ತಾಯಿಯ ಕರುಳು ತಂಪಾಗಿರಲಿ. ನಿನ್ನ ಪೆಟ್ಟಿಗೆಯ ಸ್ವರ ಕೆಡದಿರಲಿ. ಇಬ್ಬರನ್ನೂ ಮಧುಕೇಶ್ವರ ಕಾಯಲಿ.

ನಿನ್ನ
ಶಿವಪುತ್ರಪ್ಪ

ತಾ.ಕ.: ಕೇಳಿದ್ದಕ್ಕೆ ಉತ್ತರ ಕೊಡದೆಯೇ ಸಹಿ ಹಾಕಿಬಿಟ್ಟೆ. ಶಿವರಾತ್ರಿಯ ಹಿಂದಿನ ದಿನ ತಂಬಿಟ್ಟು ಕಟ್ಟಿಕೊಂಡು ಅಂದಾನಿಯನ್ನು ನೋಡಲು ನಾಕಾಕ್ಕೆ ಹೋಗಿದ್ದೆ. ನಡುಮಧ್ಯಾಹ್ನ. ಅದೇ ಲಾರಿ ಬಂದು ನಿಂತಿತು. ಡ್ರೈವರ್ ನೋಟು ಹಿಡಿದ ಕೈ ಚಾಚಿದ, ಅಂದಾನಿ ತೆಗೆದುಕೊಂಡು ಅಡ್ಡಗಂಬ ಎತ್ತಿದ. ನಾನು ರಸ್ತೆಯ ನಡುವೆ ನುಗ್ಗಿ, ಕೈ ಎತ್ತಿ, "ಅಂದಾನೀ!" ಎಂದು ಕೊನೆಯ ಸಾಲಿನ ಪ್ರೇಕ್ಷಕನಿಗೂ ಕೇಳುವಂತೆ ಕೂಗಿದೆ. ಅವನು ನೋಡಿದ. ಹೆಗಲ ಮೇಲಿನ ಟವೆಲು ಬಾಯಿಗೆ ಅಡ್ಡ ಹಿಡಿದು, ತಲೆ ತಗ್ಗಿಸಿ, ಸೊಟ್ಟಗಾಲು ಎಳೆಯುತ್ತ ನಾಕಾದ ಗುಡಿಸಲಿನ ಕತ್ತಲೆಗೆ ಹಿಂದಿಂದಕ್ಕೆ ಸರಿದ. ಆ ಹೆಜ್ಜೆ ನಾನು ಅವನಿಗೆ ಹೇಳಿಕೊಟ್ಟಿರಲಿಲ್ಲ, ಶಂಕ್ರಪ್ಪ. ನೋಡಿ ಕಲಿತಿದ್ದ.

ಲಾರಿಯವ ಹಾರ್ನ್ ಹೊಡೆದ. ನಾನೂ ಕೈ ಇಳಿಸಿ, ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.