ಚಿಕ್ಕ ಕಾರಿಗೆ ದೊಡ್ಡ ಚಕ್ರ

ರೀ,

ಮಾರುತಿಗೆ ಹಾಕಿಸಿದ ದೊಡ್ಡ ಚಕ್ರಗಳನ್ನು ಹೊನ್ನಾಳಿಯ ಗೆಳೆಯರಿಗೆಲ್ಲ ತೋರಿಸಿ ಮುಗಿದಿದ್ದರೆ ಇದನ್ನು ಓದಿರಿ. ಹೆರಿಗೆಗೆ ಕರೆದೊಯ್ಯಲು ಅಣ್ಣ ಬಂದಿದ್ದಾನೆ. ಅವನ ಜೊತೆ ಜಗಳೂರಿಗೆ ಬಸ್ಸಿನಲ್ಲೇ ಹೊರಟೆ.

“ನಿನ್ನ ತವರಿನ ರಸ್ತೆ ಕೆಟ್ಟೈತೆ, ಕಾರು ಎತ್ತರ ಇದ್ರೆ ನಿನಗೇ ಆರಾಮ” ಅಂದಿರಿ. ನಿನ್ನೆ ಈ ಹೊಟ್ಟೆ ಹೊತ್ತು ಅದನ್ನು ಹತ್ತಲು ನನಗೆ ಅಡುಗೆಮನೆಯ ಮಣೆ ಬೇಕಾಯಿತು. ತಿರುವಿನಲ್ಲಿ ಟೈರು ಮಡ್‌ಗಾರ್ಡಿಗೆ ಉಜ್ಜಿ ಕಿರುಚಿತು. ಕಿರುಚಿದ್ದು ನಾನೇ ಅಂದುಕೊಂಡು ಅತ್ತೆ ದಾರಿಯಲ್ಲೇ ಹರಕೆ ಹೊತ್ತರು. ನೀವು ಕೆಳಗಿಳಿದು, ಟೈರಿಗೆ ಗಾಯವಾಯಿತೇನೋ ಎಂದು ಸವರಿ ನೋಡಿದಿರಿ!

ಸಾರು ಒಲೆಯ ಮೇಲಿದೆ, ಬಿಸಿ ಮಾಡಿಕೊಳ್ಳಿರಿ. ಅತ್ತೆಯ ಮಾತ್ರೆ ಮರೆಯಬೇಡಿ. ಮಣೆ ಇನ್ನೂ ಕಾರಿನಲ್ಲೇ ಇದೆ, ಊಟಕ್ಕೆ ಕೂರಬೇಕಾದರೆ ಒಳಗೆ ತನ್ನಿರಿ.

ಮಾರಬೇಕೆಂದು ಹಿತ್ತಲಲ್ಲಿ ಇಟ್ಟಿದ್ದ ಹಳೇ ಚಕ್ರಗಳನ್ನು ಹುಡುಕಬೇಡಿ. ಬಸ್ಸಿನ ಮೇಲೆ ಹಾಕಿಸಲು ಅಣ್ಣ ಆಗಲೇ ಎತ್ತಿನ ಗಾಡಿಗೆ ಏರಿಸಿದ್ದಾನೆ. ಮಗು ನೋಡಲು ಬಂದಾಗ ನಮ್ಮಪ್ಪನ ಮನೆ ಮುಂದೆಯೇ ಅವನ್ನು ಹಾಕಿಸಿಕೊಳ್ಳಿರಿ. ನಾನೂ ನಿಮ್ಮ ಕೂಸೂ ಆ ಕಾರು ಹತ್ತುವುದು ಆಮೇಲೇ.

ಹಾಲಮ್ಮ